ಹತ್ತರಲ್ಲಿ ಎಷ್ಟು, ಕಾಕಾ?

ಈ ವಾರ ಮಾವನ ಪಿತ್ತಕೋಶ ತೆಗೆದರು. ಮುಂಬೈ ಹತ್ತಿರದ ಡೊಂಬಿವಲಿಯ ಆಸ್ಪತ್ರೆ, ಲ್ಯಾಪರೊಸ್ಕೋಪಿ, ನಾಲ್ಕು ಸಣ್ಣ ತೂತು. ಆಪರೇಷನ್ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನನ್ನ ತಲೆಯಲ್ಲಿ ಸುತ್ತುತ್ತಿರುವುದು ಅದಕ್ಕೂ ಮುಂಚಿನ ಒಂದು ನಿಮಿಷ.

ಸಲೈನ್ ಹಾಕಲು ನರ್ಸ್ ಅಂಗೈ ಹಿಂಭಾಗಕ್ಕೆ ಸೂಜಿ ಚುಚ್ಚಿದಳು. ಪಕ್ಕದಲ್ಲಿದ್ದ ಅರಿವಳಿಕೆ ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು, "ದಹಾ ಪೈಕೀ ಕಿತಿ, ಕಾಕಾ?" ಹತ್ತರಲ್ಲಿ ಎಷ್ಟು ನೋವು?

ಮಾವ ಸ್ವಲ್ಪ ಯೋಚಿಸಿ, "ಸಹಾ" ಅಂದರು. ಆರು!

ಭಾವ ಜೋರಾಗಿ ನಕ್ಕ. ಈ ಮಾವ ಮುಲುಂಡಿನ ಹೋಟೆಲಿನಲ್ಲಿ ಅರ್ಧ ಆಯಸ್ಸು ಕಾವಲಿ ಮುಂದೆ ನಿಂತವರು. ಕೈ ಸುಟ್ಟರೆ ನಲ್ಲಿ ಕೆಳಗೆ ಹಿಡಿದು ಮುಂದಿನ ದೋಸೆ ಹೊಯ್ಯುತ್ತಿದ್ದವರು. ಒಂದು ಸೂಜಿಗೆ ಆರಾ? "ಮಾವ, ಮರ್ಯಾದೆ ತೆಗೀಬೇಡಿ" ಅಂದ. ಭಾವನಿಗೆ ಬೇರೆಯವರ ನೋವೆಲ್ಲ ನಾಟಕದ ಹಾಗೆ ಕಾಣುತ್ತದೆ, ತನ್ನ ಗ್ಯಾಸ್ಟ್ರಿಕ್ ಒಂದು ಬಿಟ್ಟು.

ಡಾಕ್ಟರಮ್ಮ ನಗಲಿಲ್ಲ. ಕೇಸ್ ಪೇಪರಿನಲ್ಲಿ 6 ಅಂತ ಬರೆದು ಸುತ್ತು ಹಾಕಿದರು. ಹೊರಗೆ ಸಿಕ್ಕಾಗ ಕೇಳಿದೆ. ಸೂಜಿಗೆ ಜಾಸ್ತಿ ನೋವು ಅನ್ನುವವರಿಗೆ ಆಪರೇಷನ್ ಆದ ಮೇಲೂ ಜಾಸ್ತಿ ಕಾಡಬಹುದು, ನೋವಿನ ಔಷಧಿ ಮೊದಲೇ ಗಟ್ಟಿ ಮಾಡಿಡ್ತೀವಿ ಅಂದರು. ಸ್ವೀಡನ್ನಿನವರು ಇದನ್ನು ಇದೇ ಪಿತ್ತಕೋಶದ ರೋಗಿಗಳಲ್ಲೇ ನೋಡಿದ್ದಾರಂತೆ. ಸೂಜಿಗೆ 2 ಅಥವಾ ಅದಕ್ಕಿಂತ ಜಾಸ್ತಿ ಅಂದವರಿಗೆ ಆಮೇಲೆ ಸಾಕಷ್ಟು ಜೋರಾದ ನೋವು ಬರುವ ಸಂಭವ ಮೂರು ಪಟ್ಟಿಗೂ ಹೆಚ್ಚು.

ಮನೆಗೆ ಬಂದು ಇನ್ನಷ್ಟು ಓದಿದೆ. ಕೆಲವು ಕಡೆ ಆಪರೇಷನ್ನಿಗೆ ಮೊದಲೇ ಬಿಸಿ ತಟ್ಟೆಯಂಥದ್ದನ್ನು ತೋಳಿಗೆ ತಾಗಿಸಿ ನೋಡುತ್ತಾರೆ, ಬೆರಳಿಗೆ ಒತ್ತಡ ಕೊಡುತ್ತಾರೆ, ಐಸ್ ನೀರಿನಲ್ಲಿ ಕೈ ಇಡಿಸುತ್ತಾರೆ. 2010ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದವರ ಲೆಕ್ಕದಲ್ಲಿ, ಆಪರೇಷನ್ ಆದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರ ನೋವಾಗುವುದರಲ್ಲಿ ಶೇಕಡಾ 4ರಿಂದ 54ರವರೆಗೆ ಈ ಪರೀಕ್ಷೆಗಳಿಂದ ಮೊದಲೇ ಗೊತ್ತಾಗಬಹುದು. 4 ಎಲ್ಲಿ, 54 ಎಲ್ಲಿ! ಹವಾಮಾನದವರೇ ವಾಸಿ. ಭಯ, ವಯಸ್ಸು, ಮೊದಲಿನಿಂದ ಇರುವ ನೋವು, ಎಲ್ಲವೂ ಸೇರಿಕೊಳ್ಳುತ್ತವೆ.

ಮಾವನಿಗೆ ರಾತ್ರಿ ನೋವು ಬಂತು. ಹೊಟ್ಟೆಗಲ್ಲ, ಬಲ ಹೆಗಲಿಗೆ. ಭಾವನಿಗೆ ಹಬ್ಬ. "ಕೊಯ್ದದ್ದು ಹೊಟ್ಟೆ, ನೋಯೋದು ಹೆಗಲಾ? ನಾನು ಹೇಳಲಿಲ್ವಾ?" ನರ್ಸೇ ಅವನ ಬಾಯಿ ಮುಚ್ಚಿಸಿದಳು. ಹೊಟ್ಟೆ ಉಬ್ಬಿಸಲು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಎದೆ-ಹೊಟ್ಟೆ ನಡುವಿನ ಪರದೆಯನ್ನು ಕೆಣಕುತ್ತದೆ. ಆ ಪರದೆಯ ನರ ಹೊರಡುವುದು ಕುತ್ತಿಗೆಯಿಂದ, ಹೆಗಲಿನ ನರಗಳ ನೆರೆಯಿಂದ. ಮೆದುಳು ವಿಳಾಸ ತಪ್ಪಿ ಹೆಗಲಿಗೆ ಕಾಗದ ಹಾಕುತ್ತದೆ. ತುಂಬಾ ಜನರಿಗೆ ಆಗುವಂಥದ್ದೇ. ಔಷಧಿ ಮೊದಲೇ ಬರೆದಿಟ್ಟಿದ್ದರಿಂದ ಯಾರನ್ನೂ ಎಬ್ಬಿಸಿ ಕೇಳಬೇಕಾಗಲಿಲ್ಲ. ಮಾವ ನಿದ್ದೆ ಹೋದರು.

ಆ ಆರು ಸರಿಯಾಗಿ ಭವಿಷ್ಯ ಹೇಳಿತೋ, ಸುಮ್ನೆ ತಾಳೆ ಬಿತ್ತೋ, ಒಬ್ಬ ಮಾವನಿಂದ ತಿಳಿಯುವುದಿಲ್ಲ. ನನಗೆ ಹಿಡಿಸಿದ್ದು ಬೇರೆ. ಅವರು ಆರು ಅಂದರು, ಒಬ್ಬರು ಆರು ಅಂತಲೇ ಬರೆದುಕೊಂಡರು. ನಮ್ಮ ಮನೆಗಳಲ್ಲಿ ಹಾಗೆ ಯಾರು ಬರೆದುಕೊಳ್ಳುತ್ತಾರೆ? ಗಂಡಸರು ಆರು ಅಂದರೆ ನಗುತ್ತೇವೆ. ಹೆಂಗಸರನ್ನು ಕೇಳುವುದೇ ಇಲ್ಲ.

ನಿನ್ನೆ ಅತ್ತೆ ಮಂಡಿ ಹಿಡಿದುಕೊಂಡು ಗಂಜಿ ಬಸಿಯುತ್ತಿದ್ದರು. ಕೇಳಿದೆ, "ಅತ್ತೆ, ಮಂಡಿ ನೋವಿಗೆ ಹತ್ತರಲ್ಲಿ ಎಷ್ಟು ಕೊಡ್ತೀರಿ?"

"ಎಷ್ಟು ಹೇಳಿದ್ರೆ ರಾತ್ರಿ ಅಡಿಗೆ ನೀನು ಮಾಡ್ತೀಯ, ಅದನ್ನ ಹೇಳು ಮೊದಲು" ಅಂದರು.