ಡ್ರಾಫ್ಟಿಗೆ ಎಷ್ಟು ಗ್ರೇಡ್ ಕೊಡ್ತೀರಾ ಅಂತ ಕೇಳುವವರಿಗೆ

ಏಪ್ರಿಲ್ ಕೊನೆಯ ವಾರ ಬಂತೆಂದರೆ ನನಗೆ ಒಂದೇ ಪ್ರಶ್ನೆ. ಆಫೀಸಿನಲ್ಲಿ ಕಾಫಿ ಮಷೀನ್ ಹತ್ತಿರ, ಕನ್ನಡ ಕೂಟದ ಊಟದ ಸಾಲಿನಲ್ಲಿ, ಮಗನ ಸ್ಕೂಲಿನ ಗೇಟಿನ ಎದುರು. "ಈ ಸಲ ಸೀಹಾಕ್ಸ್ ಡ್ರಾಫ್ಟಿಗೆ ಎಷ್ಟು ಗ್ರೇಡ್ ಕೊಡ್ತೀರಾ?" ಸಿಯಾಟಲ್ ಪಕ್ಕದಲ್ಲಿ ಇಷ್ಟು ವರ್ಷದಿಂದ ಇದ್ದೇನೆ, ಇಲ್ಲಿನ ಈ ಅಮೆರಿಕನ್ ಫುಟ್‌ಬಾಲ್ ತಂಡದ ಒಂದು ಆಟವನ್ನೂ ಬಿಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಕೇಳುತ್ತಾರೆ. ಮೊದಮೊದಲು ಸಮಾಧಾನದಿಂದ ವಿವರಿಸುತ್ತಿದ್ದೆ. ಈಗ ಸಾಕಾಗಿದೆ. ನನ್ನ ಉತ್ತರ ಇಷ್ಟೇ: ಕೊಡುವುದಿಲ್ಲ. ಎ ಇಲ್ಲ, ಬಿ ಇಲ್ಲ, ಎಫ್ ಅಂತೂ ಇಲ್ಲವೇ ಇಲ್ಲ. ಮೂರು ವರ್ಷ ಬಿಟ್ಟು ಬನ್ನಿ, ಮಾತಾಡೋಣ.

"ಅಯ್ಯೋ, ಸುಮ್ನೆ ಒಂದು ಅಂದಾಜು ಹೇಳಿ. ಪಾಸಾ, ಫೇಲಾ?" ಅಂತಾರೆ. ಈ "ಪಾಸಾ ಫೇಲಾ" ಕೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಡ್ರಾಫ್ಟಿನಲ್ಲಿ ತಂಡ ಆರಿಸಿಕೊಂಡ ಆ ಹುಡುಗರು ಇನ್ನೂ ಅದರ ಜೆರ್ಸಿ ತೊಟ್ಟು ಒಂದು ಓಟ ಓಡಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಮ್ಮ ಕಡೆ ಬೈಯುತ್ತಾರೆ. ಇವರು ಕುಲಾವಿ ಹೊಲಿಸಿ, ಅದು ಕೂಸಿಗೆ ಸರಿಹೋಗಲಿಲ್ಲ ಅಂತ ಕೂಸನ್ನೇ ಬೈಯುವವರು.

ಊರಿನಿಂದ ಕೇಳುವವರಿಗೆ ಎರಡು ಮಾತು. ಇದು ಮೊಟ್ಟೆಯಾಕಾರದ ಚೆಂಡಿನ ಅಮೆರಿಕನ್ ಫುಟ್‌ಬಾಲ್. ಡ್ರಾಫ್ಟ್ ಅಂದರೆ ಐಪಿಎಲ್ ಥರ ಹರಾಜಲ್ಲ, ಇಲ್ಲಿ ಕೂಗು ಇಲ್ಲ. ಎನ್ಎಫ್ಎಲ್ ಅನ್ನುವ ಲೀಗಿನ 32 ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಮೊದಲ ಸರದಿ. ಏಳು ಸುತ್ತು, ಮೂರು ದಿನ. ಸರದಿಯನ್ನು ತಂಡಗಳು ಒಬ್ಬರಿಗೊಬ್ಬರು ಅದಲು ಬದಲು ಮಾಡಿಕೊಳ್ಳಬಹುದು. ಮಾರನೇ ದಿನವೇ ಪತ್ರಿಕೆಯವರು, ಟಿವಿಯವರು, ಅಭಿಮಾನಿಗಳು ಎಲ್ಲ ಸೇರಿ ಪ್ರತಿ ತಂಡಕ್ಕೂ ಮಾರ್ಕ್ಸ್ ಕಾರ್ಡ್ ಹಂಚುತ್ತಾರೆ.

ನಾನೂ ಹಂಚುತ್ತಿದ್ದೆ. 2012ರವರೆಗೆ.

ಆ ವರ್ಷ ಡ್ರಾಫ್ಟಿಗೆ ಮೊದಲು ಒಂದು ತಿಂಗಳು ಕೂತು ಪಟ್ಟಿ ಮಾಡಿದ್ದೆ. ಹತ್ತು ಜನ ಪರಿಣತರ ಪಟ್ಟಿಗಳನ್ನು ಓದಿ, ಕೂಡಿಸಿ, ನನ್ನದೇ ಒಂದು. ಆರು ಹಾಳೆ, ಆಫೀಸಿನ ಪ್ರಿಂಟರಿನಲ್ಲಿ ತೆಗೆದದ್ದು, ಮೂಲೆಗೆ ಪಿನ್ನು. ಪ್ರತಿ ಹೆಸರಿನ ಮುಂದೆ ಎತ್ತರ, ತೂಕ, 40 ಗಜ ಓಡಿದ ಸಮಯ. ಪಕ್ಕದ ಮನೆಯ ತಾತನ ಮನೆಯಲ್ಲಿ ಕೂತು ನೋಡುವುದು ನಮ್ಮ ರೂಢಿ. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ತಂಡ ಹುಟ್ಟಿದ 1976ರಿಂದ ನೋಡುತ್ತಾ ಬಂದವರು. ಮಗ ಅವರನ್ನು ತಾತ ಅಂತಲೇ ಕರೆಯುತ್ತಿದ್ದ. ಅವರೂ ಆ ಹೆಸರಿಗೇ ಓಗೊಡುತ್ತಿದ್ದರು.

ಗುರುವಾರ ಮೊದಲ ಸುತ್ತು. ನಮಗಿದ್ದ 12ನೇ ಸರದಿಯನ್ನು ಫಿಲಡೆಲ್ಫಿಯಾಕ್ಕೆ ಬಿಟ್ಟುಕೊಟ್ಟು 15ಕ್ಕೆ ಇಳಿದರು. ನಾನು ಎರಡು ಗೆರೆ ಎಳೆದು ಇಟ್ಟಿದ್ದ ಫ್ಲೆಚರ್ ಕಾಕ್ಸ್ ಅವರ ಪಾಲಾದ. ನಮ್ಮವರು ತಂದದ್ದು ಬ್ರೂಸ್ ಅರ್ವಿನ್. ನನ್ನ ಪಟ್ಟಿಯಲ್ಲಿ ಅವನು ಎರಡನೇ ಸುತ್ತಿನವನು. ಶುಕ್ರವಾರ ಮತ್ತೆ ನಾಲ್ಕು ಸ್ಥಾನ ಇಳಿದು, 47ಕ್ಕೆ ಬಾಬಿ ವ್ಯಾಗ್ನರ್. ಯೂಟಾ ಸ್ಟೇಟ್ ಹುಡುಗ. ನ್ಯುಮೋನಿಯಾ ಬಂದು, ಎಲ್ಲ ತಂಡಗಳೂ ಹುಡುಗರನ್ನು ಅಳೆದು ನೋಡುವ ಕಂಬೈನಿಗೇ ಹೋಗಿರಲಿಲ್ಲ. ನನ್ನ ಹಾಳೆಯಲ್ಲಿ ಅವನ ಮುಂದಿನ ಚೌಕಗಳು ಖಾಲಿ.

ಆಮೇಲೆ 75. ರಸೆಲ್ ವಿಲ್ಸನ್, ಕ್ವಾರ್ಟರ್‌ಬ್ಯಾಕ್.

ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವನು, ಇಡೀ ಆಟ ನಡೆಸುವವನು. ಆರೂವರೆ ಅಡಿ ಎತ್ತರದವರ ತಲೆಯ ಮೇಲಿಂದ ಎಸೆಯಬೇಕು. ಇವನು ಆರಡಿಯೂ ಇಲ್ಲ. ಅದೂ ಅಲ್ಲದೆ ಮಾರ್ಚ್‌ನಲ್ಲಷ್ಟೇ ಮ್ಯಾಟ್ ಫ್ಲಿನ್ ಅನ್ನುವ ಕ್ವಾರ್ಟರ್‌ಬ್ಯಾಕನ್ನು ಒಳ್ಳೆ ದುಡ್ಡು ಕೊಟ್ಟು ತಂದಿದ್ದರು. ನಾನು ಎದ್ದು ನಿಂತೆ. ಹಾಳೆಯ ಕೊನೆಯಲ್ಲಿ ದೊಡ್ಡದಾಗಿ ಎಫ್ ಬರೆದೆ. ಪೆನ್ಸಿಲ್ ಮೊನೆ ಮುರಿಯಿತು.

ತಾತ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಅವನು ಆಡೋದನ್ನ ನೋಡಿದ್ದೀಯಾ ನೀನು?" ಅಂದರು.

"ಎತ್ತರ ನೋಡಿ ತಾತ, ಇಲ್ಲಿ ಬರೆದಿದೆ."

"ಅದಲ್ಲ. ಆಡೋದನ್ನ. ಜನವರಿ ಎರಡರ ರೋಸ್ ಬೌಲ್ ನೋಡಿದೆಯಾ? ಅವನ ಕಾಲೇಜು ವಿಸ್ಕಾನ್ಸಿನ್ ಸೋತಿತು, ಆದರೆ ಈ ಹುಡುಗ ಕೊನೇ ಸೆಕೆಂಡಿನವರೆಗೂ ಬಿಡಲಿಲ್ಲ."

ನೋಡಿರಲಿಲ್ಲ. ಆರು ಹಾಳೆಯಲ್ಲಿದ್ದ ಹೆಸರುಗಳಲ್ಲಿ ಒಂದು ಆಟವನ್ನಾದರೂ ಪೂರ್ತಿ ನೋಡಿದ್ದು ಎಷ್ಟು ಜನರದ್ದು ಅಂತ ಆ ರಾತ್ರಿ ಮನೆಗೆ ಬಂದು ಎಣಿಸಿದೆ. ಹನ್ನೊಂದು.

ನಾನೊಬ್ಬನೇ ಅಲ್ಲ. ಹೆಸರಾಂತ ವೆಬ್‌ಸೈಟೊಂದು ಆ ಡ್ರಾಫ್ಟಿಗೆ ಎಫ್ ಕೊಟ್ಟಿತು. ವಿಲ್ಸನ್ ಫ್ಲಿನ್‌ನನ್ನು ಹಿಂದೆ ಹಾಕಿ ಮೊದಲ ಆಟದಿಂದಲೇ ಇಳಿದ. ಆ ವರ್ಷ 26 ಟಚ್‌ಡೌನ್ (ಅಂಕ ತರುವ ಎಸೆತ) ಎಸೆದು, ಹೊಸಬರಲ್ಲಿ ಪೇಟನ್ ಮ್ಯಾನಿಂಗ್ ಹೆಸರಿನಲ್ಲಿದ್ದ ದಾಖಲೆಗೆ ಸಮ ನಿಂತ. ಅರ್ವಿನ್ ಎಂಟು ಸಲ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಕೆಡವಿದ. ವ್ಯಾಗ್ನರ್ ವಿಷಯ ಹೇಳುವುದೇ ಬೇಡ, ಮುಂದೆ ಆರು ಸಲ ಇಡೀ ಲೀಗಿನ ಮೊದಲ ಸಾಲಿನ ಆಟಗಾರನಾಗಿ ಆಯ್ಕೆಯಾದ. 2014ರ ಫೆಬ್ರವರಿ 2ರಂದು ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಡೆನ್ವರನ್ನು 43-8ರಿಂದ ಸೋಲಿಸಿದೆವು.

"ಒಂದು ಸಲ ತಪ್ಪಾಯ್ತು ಅಂತ ಗ್ರೇಡೇ ಬೇಡ ಅನ್ನೋದಾ?" ಅಂತ ಕೇಳಿದವರಿದ್ದಾರೆ. ತಪ್ಪಾದದ್ದಕ್ಕಲ್ಲ. ಆ ಎಫ್ ಏನನ್ನು ಅಳೆಯಿತು ಅಂತ ಯೋಚಿಸಿದ್ದಕ್ಕೆ. ಅದು ತಂಡವನ್ನು ಅಳೆಯಲಿಲ್ಲ, ಹುಡುಗನನ್ನೂ ಅಳೆಯಲಿಲ್ಲ. ಅವರ ಆಯ್ಕೆ ನನ್ನ ಪಟ್ಟಿಯಿಂದ ಎಷ್ಟು ದೂರ ಇದೆ ಅನ್ನುವುದನ್ನು ಅಳೆಯಿತು. ಈಗಲೂ ಹಾಗೇ. ಪಟ್ಟಿಯಲ್ಲಿ 20ನೇಯವನು 30ಕ್ಕೆ ಸಿಕ್ಕಿದರೆ ಎ. 60ನೇಯವನನ್ನು 30ಕ್ಕೆ ತೆಗೆದುಕೊಂಡರೆ ಡಿ. ಆ ಪಟ್ಟಿ ಬರೆದವರು ಯಾರು? ಇನ್ನೊಂದು ಪಟ್ಟಿ ಓದಿದವರು.

ಮತ್ತೆ ಆ ದಿನ ಕಾಣದ ಲೆಕ್ಕ ಬೇರೆ ಇರುತ್ತದೆ. ಮೂರನೇ ಸುತ್ತಿನಲ್ಲಿ ಬಂದ ವಿಲ್ಸನ್‌ಗೆ ನಾಲ್ಕು ವರ್ಷಕ್ಕೆ ಸೇರಿ 30 ಲಕ್ಷ ಡಾಲರಿಗಿಂತ ಸ್ವಲ್ಪ ಕಡಿಮೆ ಸಂಬಳ. ಇಡೀ ತಂಡದ ಸಂಬಳಕ್ಕೆ ವರ್ಷಕ್ಕೆ ಸುಮಾರು 12 ಕೋಟಿ ಡಾಲರಿನ ಮಿತಿ. ಎಲ್ಲರಿಗಿಂತ ಜಾಸ್ತಿ ದುಡ್ಡು ತಿನ್ನುವ ಜಾಗಕ್ಕೆ ಇಷ್ಟು ಅಗ್ಗದ ಹುಡುಗ ಸಿಕ್ಕಿದ್ದರಿಂದಲೇ 2013ರಲ್ಲಿ ಕ್ಲಿಫ್ ಏವ್ರಿಲ್, ಮೈಕಲ್ ಬೆನೆಟ್ ಅಂಥ ಡಿಫೆನ್ಸ್ ಆಟಗಾರರನ್ನು ತರಲು ಕೈಯಲ್ಲಿ ಹಣ ಉಳಿಯಿತು. ಕಪ್ ತಂದದ್ದರಲ್ಲಿ ಅವರಿಬ್ಬರ ಪಾಲು ದೊಡ್ಡದು. ಇದನ್ನು ಯಾವ ಮಾರ್ಕ್ಸ್ ಕಾರ್ಡಿನ ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಉಲ್ಟಾ ಆಗಿದ್ದೂ ಇದೆ. 2017ರಲ್ಲಿ ನಮ್ಮ ಮೊದಲ ಆಯ್ಕೆ ಮಲಿಕ್ ಮೆಕ್‌ಡವೆಲ್, 35ನೇ ಸರದಿ. ಆ ಬೇಸಿಗೆಯಲ್ಲೇ ಎಟಿವಿ (ಮಣ್ಣುದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು) ಓಡಿಸುವಾಗ ಅಪಘಾತವಾಯಿತು. ಸಿಯಾಟಲ್ ಪರ ಒಂದೇ ಒಂದು ಆಟ ಆಡಲಿಲ್ಲ. ಏಪ್ರಿಲ್‌ನಲ್ಲಿ ಏನೇ ಗ್ರೇಡ್ ಕೊಟ್ಟಿದ್ದರೂ ಅದಕ್ಕೇನು ಅರ್ಥ ಉಳಿಯಿತು?

ಊರಿನವರಿಗೂ ಇದು ಹೊಸದೇನಲ್ಲ, ಅಲ್ವಾ? 2024ರ ನವೆಂಬರಿನಲ್ಲಿ ಜಿದ್ದಾ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ದೆಹಲಿಗೆ ಹೋದಾಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆರ್‌ಸಿಬಿಗೆ ಬಂದ ಮಾರ್ಕ್ಸ್ ಹೇಳಿದರೆ ಮರ್ಯಾದೆ ಹೋಗುತ್ತದೆ. ಏಳು ತಿಂಗಳಿಗೆ ಕಪ್ ಬಂತು.

ಹಾಗಂತ ಮಾತೇ ಆಡಬೇಡಿ ಅಂತ ನಾನು ಹೇಳುತ್ತಿಲ್ಲ. ಆ ದಿನವೇ ವಾದ ಮಾಡಬಹುದಾದದ್ದು ಇದೆ. ಏನು ಕೊಟ್ಟರು, ಏನು ತಂದರು ಅನ್ನುವ ಲೆಕ್ಕ. 2012ರಲ್ಲಿ 12ರಿಂದ 15ಕ್ಕೆ ಇಳಿದದ್ದಕ್ಕೆ ನಮಗೆ ಇನ್ನೆರಡು ಸರದಿ ಬಂದವು, 114 ಮತ್ತು 172. ಬಿಟ್ಟುಕೊಟ್ಟ ಕಾಕ್ಸ್ ಮುಂದೆ ದೊಡ್ಡ ಆಟಗಾರನೇ ಆದ. 172ಕ್ಕೆ ಬಂದ ಜೆರೆಮಿ ಲೇನ್ ಆ ಸೂಪರ್ ಬೌಲ್ ತಂಡದಲ್ಲಿದ್ದ. ಇದರ ಮೇಲೆ ರಾತ್ರಿಯೆಲ್ಲ ಜಗಳಾಡೋಣ ಬನ್ನಿ, ನಾನು ತಯಾರು. ಅದಕ್ಕೆ ಎಬಿಸಿಡಿ ಯಾಕೆ?

ನಿಜ ಹೇಳಬೇಕೆಂದರೆ ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. "ಐದನೇ ಸುತ್ತಿನಲ್ಲಿ ಯಾರು ಬಂದ?" ಇದನ್ನು ಕೇಳಿ, ಊಟ ಬಿಟ್ಟು ಹೇಳುತ್ತೇನೆ.

154 ಅನ್ನುವ ಸಂಖ್ಯೆ ತಗೊಳ್ಳಿ. 2011ರಲ್ಲಿ 154ನೇಯವನಾಗಿ ಸಿಯಾಟಲ್‌ಗೆ ಬಂದವನು ರಿಚರ್ಡ್ ಶರ್ಮನ್. ಅಷ್ಟು ಹೊತ್ತಿಗೆ 153 ಹೆಸರು ಕೂಗಿ ಆಗಿತ್ತು, ಅಂದರೆ ಎಲ್ಲ ತಂಡಗಳೂ ಅವನನ್ನು ಮತ್ತೆ ಮತ್ತೆ ಬಿಟ್ಟು ಮುಂದೆ ಹೋಗಿದ್ದವು. ಅವನು ತನ್ನ ಕಾಲದ ಅತ್ಯುತ್ತಮ ಕಾರ್ನರ್‌ಬ್ಯಾಕ್‌ಗಳಲ್ಲಿ (ಎಸೆದ ಚೆಂಡು ಎದುರಾಳಿಗೆ ಸಿಗದಂತೆ ತಡೆಯುವವರು) ಒಬ್ಬನಾದ. ಮರುವರ್ಷ 2012ರಲ್ಲಿ ಅದೇ 154 ಮತ್ತೆ ನಮ್ಮ ಕೈಗೆ ಬಂತು. ಅದೇ ಜನರಲ್ ಮ್ಯಾನೇಜರ್ ಜಾನ್ ಶ್ನೈಡರ್, ಅದೇ ಕೋಚ್ ಪೀಟ್ ಕ್ಯಾರೊಲ್, ಅದೇ ಐದನೇ ಸುತ್ತು. ಬಂದವನು ಕೋರಿ ಟೂಮರ್. ಸಿಯಾಟಲ್‌ನಲ್ಲಿ ಅವನಿಗೆ ನೆಲೆ ಸಿಗಲಿಲ್ಲ. ಹಾಗಂತ ಆಟ ಬಿಡಲಿಲ್ಲ, ಬೇರೆ ತಂಡಗಳಲ್ಲಿ ಜಾಗ ಮಾಡಿಕೊಂಡು ಆಡಿದ. ಅವನ ಹೆಸರು ಬೇರೆ ಜೆರ್ಸಿಯ ಮೇಲೆ ಕಂಡಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು.

ಏಳನೇ ಸುತ್ತಿನ ಜೆ.ಆರ್. ಸ್ವೀಜಿ, 225. ಕಾಲೇಜಿನಲ್ಲಿ ಡಿಫೆನ್ಸ್ ಆಡಿದವನು. ಇಲ್ಲಿ ಲೈನ್ ಕೋಚ್ ಟಾಮ್ ಕೇಬಲ್ ಅವನನ್ನು ಅಫೆನ್ಸ್ ಕಡೆಗೆ ತಿರುಗಿಸಿ, ಕ್ವಾರ್ಟರ್‌ಬ್ಯಾಕನ್ನು ಕಾಯುವ ಗಾರ್ಡ್ ಮಾಡಿದರು. ಇಪ್ಪತ್ತೆರಡು ವರ್ಷ ದಾಟಿದವನು ಕಲಿತದ್ದನ್ನೆಲ್ಲ ಬಿಟ್ಟು ಹೊಸದಾಗಿ ನಿಲ್ಲುವುದನ್ನು ಕಲಿಯಬೇಕು. ಮೊದಲ ಆಟದಲ್ಲೇ ಇಳಿಸಿದರು, ಒದ್ದಾಡಿದ. ತಾತ ಅವನ ಕಾಲನ್ನಷ್ಟೇ ನೋಡು ಅನ್ನುತ್ತಿದ್ದರು. ಚೆಂಡು ಎಲ್ಲಿ ಹೋಯಿತು ಅಂತ ನೋಡಬೇಡ, ಅವನ ಎಡಗಾಲು ಎಲ್ಲಿ ಬೀಳುತ್ತದೆ ನೋಡು. ವಾರದಿಂದ ವಾರಕ್ಕೆ ಆ ಕಾಲು ನೆಟ್ಟಗೆ ಬೀಳುವುದನ್ನು ನಾವಿಬ್ಬರೂ ಕಂಡೆವು. ಸೂಪರ್ ಬೌಲ್‌ನಲ್ಲಿ ಅವನು ಶುರುವಿನಿಂದ ಆಡಿದ. ಅವತ್ತಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ ಮಾಲ್ಕಮ್ ಸ್ಮಿತ್ ಕೂಡ ಏಳನೇ ಸುತ್ತಿನವನೇ, 2011ರ 242.

ಈ ಹುಡುಗರ ಹೆಸರು ಕೂಗುವ ಹೊತ್ತಿಗೆ ಹೆಚ್ಚಿನವರು ಟಿವಿ ಆರಿಸಿ, ಗ್ರೇಡ್ ಬರೆದು ಮುಗಿಸಿರುತ್ತಾರೆ. ನನಗೆ ಡ್ರಾಫ್ಟ್ ಶುರುವಾಗುವುದೇ ಆಗ.

ತಾತ ಈಗಿಲ್ಲ. ಶನಿವಾರ ಬೆಳಗ್ಗೆ ನಮ್ಮ ಕಡೆಯ ಸಮಯ 9 ಗಂಟೆಗೆ ನಾಲ್ಕನೇ ಸುತ್ತು ಶುರುವಾಗುತ್ತದೆ. ಮನೆಯಲ್ಲಿ ಇಡ್ಲಿ ಇರುತ್ತದೆ, ಕಾಫಿ ಇರುತ್ತದೆ, ಅವರ ಕುರ್ಚಿಯನ್ನು ಅವರ ಮಗಳು ನಮಗೇ ಕೊಟ್ಟಿದ್ದಾರೆ. ಬರುವವರು ಬನ್ನಿ. ಪಟ್ಟಿ ತರಬೇಡಿ. ಯಾವುದಾದರೂ ಒಬ್ಬ ಹುಡುಗ ಪೂರ್ತಿ ಆಡಿದ ಒಂದು ಆಟ ನೋಡಿಕೊಂಡು ಬನ್ನಿ. 154 ಬಂದಾಗ ಮಾತ್ರ ಎಲ್ಲರೂ ಸ್ವಲ್ಪ ಸುಮ್ಮನಿರಬೇಕು, ಹೆಸರು ನನಗೆ ಸರಿಯಾಗಿ ಕೇಳಿಸಬೇಕು.