ಜಂತ್ರಡಿ ಹಲಗೆ ಎತ್ತುವ ಮುನ್ನ

ಕಗ್ಗ ಎಂಬ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಒಮ್ಮೆ ಬಂದು ನೋಡಿ ಎಂದು ಕುಮಟಾ ತಾಲೂಕಿನ ಗಜನಿಯೊಂದರ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆ ಬಯಲೊಂದರ, ರೈತರು ಕರೆದಿದ್ದರಿಂದ, ದೀಪಾವಳಿಗೆ ಇನ್ನೇನು ಎರಡು ದಿನ ಇದೆ ಎನ್ನುವಾಗ ನಾನು ಘಟ್ಟ ಇಳಿದು ಹೋಗಿದ್ದೆ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಹಳೆಯ ಭತ್ತದ ತಳಿಗಳ ಮೇಲೆ ಆಸಕ್ತಿ ಇರುವುದರಿಂದ ಉಪ್ಪುನೀರಿನ ಸೋಂಕನ್ನು ತಡೆದುಕೊಂಡು ಬೆಳೆಯುವ ಈ ಭತ್ತವನ್ನು ಹೊಲದಲ್ಲಿಯೇ ನೋಡಬೇಕೆಂಬ ಆಸೆ ಬಹಳ ವರ್ಷದಿಂದ ಇತ್ತು. ಹೋಗಿ ನೋಡಿದರೆ ಕೊಯ್ಲಿಗಿಂತ ಮೊದಲು ಒಂದು ಪಂಚಾಯ್ತಿಕೆ ನಡೆಯುತ್ತಿತ್ತು. ಗಜನಿಯ ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಕಟ್ಟೆಯ ನೀರಿನ ಬಾಗಿಲಾದ ಜಂತ್ರಡಿಯ ಹಲಗೆಯನ್ನು ಯಾವಾಗ ಎತ್ತಬೇಕು ಎಂಬುದೇ ಚರ್ಚೆ.

ಹಲಗೆಯ ವಿಷಯ ಅಷ್ಟು ದೊಡ್ಡದೇಕೆ ಎನ್ನುವುದು ತಿಳಿಯಬೇಕಾದರೆ ಗಜನಿಯ ನೀರಿನ ಲೆಕ್ಕ ತಿಳಿಯಬೇಕು. ಅಘನಾಶಿನಿ ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಗದೆ ಕರಾವಳಿಗೆ ಬರುತ್ತದೆ. ಕಡಲು ಸೇರುವ ಮುನ್ನ ಅದು ಅಗಲವಾಗಿ ಹರಡುತ್ತದೆ. ದಿನಕ್ಕೆ ಎರಡು ಸಲ ಭರತದ, ಅಂದರೆ ಉಬ್ಬರದ, ಉಪ್ಪುನೀರು ಒಳಗೆ ಬಂದು ಇಳಿತದಲ್ಲಿ ಹಿಂದೆ ಸರಿಯುತ್ತದೆ. ಈ ಹರವಿನ ಅಂಚಿನ ತಗ್ಗು ಭೂಮಿಗೆ ಕಟ್ಟೆ ಹಾಕಿ, ಕಟ್ಟೆಯಲ್ಲಿ ಅಲ್ಲಲ್ಲಿ ಜಂತ್ರಡಿ ಎಂಬ ಹಲಗೆಯ ಬಾಗಿಲು ಇಟ್ಟುಕೊಂಡಿದ್ದಾರೆ. ಜೂನ್‌ನಿಂದ ಕೊಯ್ಲಿನವರೆಗೆ ಆ ಬಾಗಿಲು ಭರತದ ಹೊತ್ತಿಗೆ ಮುಚ್ಚಿರಬೇಕು, ಇಳಿತದ ಹೊತ್ತಿಗೆ ಮಳೆಯ ನೀರನ್ನು ಹೊರಗೆ ಬಿಡಬೇಕು. ಮಳೆ ಜೋರಾಗಿ ಹೊಯ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗವನ್ನು ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಲು ಮುಗಿದ ಮೇಲೆ ಬಾಗಿಲಿನ ಕೆಲಸ ತಿರುಗುಮುರುಗಾಗುತ್ತದೆ: ಭರತವನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಅದರೊಂದಿಗೆ ಮೀನುಮರಿ, ಶೆಟ್ಲಿ (ಸೀಗಡಿ) ಮರಿಗಳು ಬರುತ್ತವೆ, ಗದ್ದೆಯಲ್ಲಿ ಉಳಿದ ಹುಲ್ಲು ಕೊಳೆತು ಅವುಗಳಿಗೆ ಮೇವಾಗುತ್ತದೆ, ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರೆ ಶೆಟ್ಲಿ, ನೊಗಲಿ ಮೀನು, ಏಡಿ ಸಿಗುತ್ತವೆ. ಆ ಮೀನಿನ ಹಕ್ಕನ್ನು ಲಿಲಾವಿನಲ್ಲಿ (ಹರಾಜಿನಲ್ಲಿ) ಕೊಟ್ಟು, ಬಂದ ಹಣದಲ್ಲಿ ಕಟ್ಟೆ ರಿಪೇರಿಗೆಂದು ತೆಗೆದಿಟ್ಟು, ಉಳಿದದ್ದನ್ನು ಜಮೀನಿನ ಅಳತೆಯ ಮೇಲೆ ಹಂಚಿಕೊಳ್ಳುತ್ತಾರೆ.

ತಕರಾರು ಇದ್ದದ್ದು ಇಲ್ಲಿಯೇ. ಮೀನಿನ ಲಿಲಾವು ಹಿಡಿದವನಿಗೆ ದೀಪಾವಳಿ ಅಮಾವಾಸ್ಯೆಯ ದೊಡ್ಡ ಭರತ ತಪ್ಪಿಹೋಗಬಾರದು. ಮುಂದಿನ ದೊಡ್ಡ ಭರತಕ್ಕೆ ಹುಣ್ಣಿಮೆಯವರೆಗೆ ಕಾಯಬೇಕು. ಗಜನಿಯ ಬಹುಪಾಲು ತೆನೆ ಕೊಯ್ದಾಗಿತ್ತು. ಆದರೆ ತೆಂಕಣ ಮೂಲೆಯ ತಗ್ಗಿನಲ್ಲಿ ಮೂರು ನಾಲ್ಕು ಮನೆಯವರ ಕಗ್ಗ ಇನ್ನೂ ನಿಂತಿತ್ತು. ಮೊದಲು ಚೆಲ್ಲಿದ ಬೀಜ ನೆರೆಯಲ್ಲಿ ತೇಲಿಹೋಗಿ ಅವರು ಎರಡನೆಯ ಸಲ ಚೆಲ್ಲಿದ್ದರಂತೆ. ಗಜನಿಯೊಳಗೆ ಗದ್ದೆಗಳ ನಡುವೆ ನೀರು ತಡೆಯುವಂಥ ಬದುಗಳಿಲ್ಲದ ಕಾರಣ ಒಬ್ಬರ ಪಾಲಿಗೆ ನೀರು ಬಿಟ್ಟು ಇನ್ನೊಬ್ಬರ ಪಾಲನ್ನು ಒಣಗಿಸಿಡುವ ಉಪಾಯವೇ ಇಲ್ಲ. ಲಿಲಾವು ಹಿಡಿದವನು ಕೆಟ್ಟವನೇನಲ್ಲ, ಅದೇ ಊರಿನವನು. ಮುಂಗಡ ಹಣ ಕಟ್ಟಿದ್ದಾನೆ, ಹಬ್ಬದ ಖರ್ಚು ಎದುರಿಗಿದೆ. ಅವನ ಮಾತನ್ನು ಎಲ್ಲರೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಟ್ಟೆಯ ಕಲ್ಲಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು, ‘ಉಪ್ಪುನೀರು ಬಂದ್ರೆ ನನ್ನ ಗದ್ದೆ ನಿನ್ನ ಗದ್ದೆ ಅಂತ ಕೇಳೂದಿಲ್ಲ. ಕಡೇ ತೆನೆ ಕಟ್ಟೆ ಹತ್ತದೆ ಹಲಗೆ ಎತ್ತೂದಿಲ್ಲ’ ಎಂದರು. ಅದು ಅವರ ಅಭಿಪ್ರಾಯವಾಗಿರಲಿಲ್ಲ. ಅಲ್ಲಿನ ಹಳೆಯ ಕಟ್ಟಳೆಯನ್ನು ನೆನಪಿಸಿದ್ದಷ್ಟೆ.

ಕಟ್ಟಳೆ ಹಳೆಯದಾದರೂ ನಡುವೆ ಹಲವು ವರ್ಷ ಅದು ಸತ್ತೇ ಹೋಗಿತ್ತು ಎನ್ನುವುದನ್ನು ಅವರೇ ನನಗೆ ಹೇಳಿದರು. ಮೊದಲು ಇದ್ದದ್ದು ಮಣ್ಣಿನ ಕಟ್ಟೆ. ಮಳೆಗಾಲಕ್ಕೆ ಮೊದಲು ಪ್ರತಿ ಮನೆಯಿಂದ ಒಂದಾಳು ಬಂದು ಕೆಸರು ಎತ್ತಿ ಕಟ್ಟೆ ಬಲಪಡಿಸಬೇಕಿತ್ತು. ಬಾರದವರ ಹೆಸರು ಊರಿಗೆಲ್ಲ ಗೊತ್ತಾಗುತ್ತಿತ್ತು. 1970ರ ದಶಕದಲ್ಲಿ ಸರ್ಕಾರ ಉಪ್ಪುನೀರಿನ ಭೂಮಿಗಳಿಗಾಗಿ ಇದ್ದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ವರ್ಷಕ್ಕೊಮ್ಮೆ ಕೂಡಲೇಬೇಕಾದ ಕಾರಣ ಇಲ್ಲವಾಯಿತು. ಮುಂದೆ ಸೀಗಡಿಗೆ ವಿದೇಶದಲ್ಲಿ ಬೆಲೆ ಬಂದಾಗ, ಹಲವು ಗಜನಿಗಳು ಹೊರಗಿನವರ ಗುತ್ತಿಗೆಗೆ ಹೋದವು. ಅವರಿಗೆ ವರ್ಷವಿಡೀ ಉಪ್ಪುನೀರು ಬೇಕಿತ್ತು, ಭತ್ತ ಬೇಕಿರಲಿಲ್ಲ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸೀಗಡಿ ಹೊಂಡಗಳು ಕೈಕೊಟ್ಟವು, 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸೀಗಡಿ ಕೃಷಿಗೆ ಕಡಿವಾಣ ಹಾಕಿತು. ಗುತ್ತಿಗೆದಾರರು ಹೋದರು. ಉಳಿದದ್ದು ಉಪ್ಪು ಕಚ್ಚಿದ ಮಣ್ಣು, ಮತ್ತು ಬಿತ್ತಲು ಬೀಜವೇ ಇಲ್ಲದ ಊರುಗಳು. ಮಾಣಿಕಟ್ಟಾದಂಥ ಕೆಲವೇ ಕಡೆ ಕಗ್ಗದ ಬೀಜ ಉಳಿದಿತ್ತು.

ಸಂರಕ್ಷಣೆಯ ಬಗ್ಗೆ ಮಾತನಾಡುವ ನಮ್ಮಂಥವರು ಕಟ್ಟೆಯ ಗಟ್ಟಿತನವನ್ನು ನೋಡುತ್ತೇವೆ, ಅದನ್ನು ಕಟ್ಟಲು ಜನ ಎಷ್ಟು ಸಲ ಸೇರಬೇಕಾಗುತ್ತದೆ ಎನ್ನುವುದನ್ನು ನೋಡುವುದಿಲ್ಲ. ಯೋಜನೆಯ ವರದಿಯಲ್ಲಿ ಕಟ್ಟೆಯ ಉದ್ದಕ್ಕೆ ಒಂದು ಕಾಲಂ ಇರುತ್ತದೆ, ಪಂಚಾಯ್ತಿಕೆಗೆ ಕಾಲಂ ಇರುವುದಿಲ್ಲ. ಈ ಗಜನಿಯ ಸಮಿತಿ ಮತ್ತೆ ಜೀವ ಪಡೆದದ್ದು ಕಲ್ಲಿನ ಕಟ್ಟೆಯೂ ಬಿರುಕು ಬಿಟ್ಟ ಮೇಲೆ ಎನ್ನುವುದು ನನಗೆ ಆಶ್ಚರ್ಯವೆನಿಸಲಿಲ್ಲ.

ಕೊನೆಗೆ ಆದ ತೀರ್ಮಾನ ಇದು: ಉಳಿದ ಕಗ್ಗವನ್ನು ಎಲ್ಲರೂ ಕೂಡಿ ಅಂದೇ ಕೊಯ್ದು ಮುಗಿಸುವುದು, ಲಿಲಾವು ಹಿಡಿದವನು ತನ್ನ ಆಳುಗಳನ್ನೂ ಪಾತಿ ದೋಣಿಯನ್ನೂ ಕೊಡುವುದು, ಕೂಲಿಯ ಲೆಕ್ಕ ಸಂಜೆ ನೋಡಿಕೊಳ್ಳುವುದು. ನನ್ನ ಕೈಗೂ ಒಂದು ಕತ್ತಿ ಬಂತು.

ಗದ್ದೆ ಕೊಯ್ದು ಅಭ್ಯಾಸವಿದ್ದವನಿಗೂ ಕಗ್ಗ ಕೊಯ್ಯುವುದು ಬೇರೆಯೇ ಕೆಲಸ. ಕಾಲಿಟ್ಟರೆ ಮೊಣಕಾಲಿನವರೆಗೆ ಕೆಸರು, ಅದರ ಮೇಲೆ ನೀರು. ಒಂದು ಕಾಲು ಕಿತ್ತು ಇನ್ನೊಂದು ಇಡುವಷ್ಟರಲ್ಲಿ ಮುಂದಿನವರು ಎರಡು ಬುಟ್ಟಿ ತುಂಬಿಸಿರುತ್ತಾರೆ. ಪೈರು ನನ್ನ ಎದೆಯವರೆಗೆ ಬರುತ್ತಿತ್ತು, ಕೆಲವು ಕಡೆ ಗಾಳಿಗೆ ಮಲಗಿತ್ತು. ಬುಡಕ್ಕೆ ಕತ್ತಿ ಹಾಕುವಂತಿಲ್ಲ. ಎಡಗೈಯಲ್ಲಿ ನಾಲ್ಕೈದು ತೆನೆ ಒಟ್ಟಿಗೆ ಹಿಡಿದು ಒಂದು ಗೇಣು ಕೆಳಗೆ ಕೊಯ್ದು, ಸೊಂಟಕ್ಕೆ ಕಟ್ಟಿ ಎಳೆದುಕೊಂಡು ಬರುವ ತೇಲು ಬುಟ್ಟಿಗೆ ಹಾಕಬೇಕು. ಉಳಿದ ದಂಟನ್ನು ಹಾಗೆಯೇ ಬಿಡುತ್ತಾರೆ, ಅದು ಮೀನಿನ ಪಾಲು. ಒಂದು ಕಾಳನ್ನು ಉಗುರಿನಲ್ಲಿ ಸುಲಿದು ನೋಡಿದೆ: ದಪ್ಪ, ಕೆಂಪು, ಬಾಯಿಗೆ ಹಾಕಿಕೊಂಡರೆ ಹಾಲಿನ ಕಾಲ ದಾಟಿ ಗಟ್ಟಿಯಾಗಿತ್ತು. ಪಕ್ಕದಲ್ಲಿ ಕೊಯ್ಯುತ್ತಿದ್ದ ಹಾಲಕ್ಕಿ ಸಮುದಾಯದ ಹೆಂಗಸು, ಕರಿ ಕಗ್ಗ ಬೇರೆ, ಬಿಳಿ ಕಗ್ಗ ಬೇರೆ, ಗಂಜಿಗೆ ಕರಿಯದೇ ರುಚಿ ಎಂದು ಹೇಳಿ, ತನ್ನ ಪಾಲಿನ ಅಂಚಿನಲ್ಲಿ ಹಕ್ಕಿಗಳು ತಿಂದು ಬರಿದು ಮಾಡಿದ ತೆನೆಗಳನ್ನು ತೋರಿಸಿದಳು. ಜಂಬುಕೋಳಿಗಳ ಹಿಂಡು ಬೆಳಗಿನ ಜಾವ ಇಳಿದರೆ ಕಾಯಲಾಗುವುದಿಲ್ಲವಂತೆ. ತಳಿ ಉಳಿಸಿ ಎಂದು ಊರೂರು ಸುತ್ತಿ ಹೇಳುವವರು ಈ ಕೆಸರಿನಲ್ಲಿ ಅರ್ಧ ದಿನ ನಿಂತರೆ, ಯುವಕರು ಕಗ್ಗ ಬಿಟ್ಟು ಗೋವಾದ ಕೂಲಿಗೆ ಏಕೆ ಹೋಗುತ್ತಾರೆ ಎಂಬ ಪ್ರಶ್ನೆ ಕೇಳುವುದನ್ನು ನಿಲ್ಲಿಸಬಹುದು. ಬೆಲೆ ಸಿಗದ ತಳಿಯನ್ನು ಅಭಿಮಾನವೊಂದರಿಂದಲೇ ಬೆಳೆಯಿರಿ ಎನ್ನುವುದು ಸುಲಭ.

ಮಧ್ಯಾಹ್ನದ ಹೊತ್ತಿಗೆ ಹೊರಗಿನ ನೀರು ಇಳಿಯುತ್ತ ಬಂದಿತ್ತು. ಕಟ್ಟೆಯ ಆಚೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಒಂದೊಂದಾಗಿ ಮೇಲೆ ಕಂಡವು, ಅವುಗಳಾಚೆ ಕೆಸರುದಿಬ್ಬ ಎದ್ದಿತು, ಎಲ್ಲಿಂದಲೋ ಬಂದ ಹೆಂಗಸರು ಗಂಡಸರು ಬಳಚು ಹೆಕ್ಕಲು ಇಳಿದರು. ಈ ಅಳಿವೆಯಲ್ಲಿ ಚಿಪ್ಪುಜೀವಿಗಳನ್ನು ಹೆಕ್ಕಿ ಬದುಕುವವರು ಎರಡು ಸಾವಿರಕ್ಕೂ ಹೆಚ್ಚು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2000ದ ದಶಕದಲ್ಲಿ ಲೆಕ್ಕ ಹಾಕಿದ್ದರು. ಮಾರಾಟಕ್ಕೆಂದು ಕಟ್ಟೆ ಹತ್ತಿದ ಒಂದು ಬುಟ್ಟಿಯಲ್ಲಿ ಕೈಯಾಡಿಸಿದಾಗ ಹೆಬ್ಬೆರಳಿನ ಉಗುರಿಗಿಂತ ಚಿಕ್ಕವೂ ಬಹಳ ಇದ್ದವು. ಕಟ್ಟೆಯ ಒಳಗೆ ಕಡೆಯ ತೆನೆಗಾಗಿ ಎಲ್ಲರೂ ಕಾಯುತ್ತಾರೆ; ಹೊರಗೆ, ಮರಿಯನ್ನು ಬಿಟ್ಟು ದೊಡ್ಡದನ್ನು ಹೆಕ್ಕಿ ಎಂದು ಹೇಳುವವರು ಅಲ್ಲಿ ನನಗೆ ಕಾಣಲಿಲ್ಲ. ಒಬ್ಬರು ಬಿಟ್ಟದ್ದನ್ನು ಮರುದಿನ ಇನ್ನೊಬ್ಬರು ಹೆಕ್ಕುವುದಾದರೆ ಬಿಡುವವರು ಏಕೆ ಬಿಟ್ಟಾರು? ಇದೇ ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದಾಗ ಇದೇ ಜನ ಒಂದಾಗಿ ನಿಂತಿದ್ದರು. ಹೊರಗಿನಿಂದ ಬರುವ ದೊಡ್ಡದನ್ನು ತಡೆಯುವುದಕ್ಕಿಂತ ನಮ್ಮ ನಮ್ಮಲ್ಲೇ ಬುಟ್ಟಿಯ ಅಳತೆ ಒಪ್ಪಿಕೊಳ್ಳುವುದು ಕಷ್ಟದ ಕೆಲಸವಿರಬೇಕು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ; ಆ ಮಾನ್ಯತೆ ಬಳಚಿನ ಬುಟ್ಟಿಯವರೆಗೆ ಇಳಿಯಬೇಕಾದರೆ ಹೆಕ್ಕುವವರದೇ ಒಂದು ಸಮಿತಿ ಬೇಕು, ಅದನ್ನು ಅಧಿಸೂಚನೆ ಹುಟ್ಟಿಸಲಾರದು.

ಸೂರ್ಯ ಇಳಿಯುವ ಮೊದಲು ಕೊನೆಯ ಬುಟ್ಟಿ ಪಾತಿಯಿಂದ ಕಟ್ಟೆಗೆ ಬಂತು. ಕೂಲಿಯ ಲೆಕ್ಕದಲ್ಲಿ ಮತ್ತೆ ಮಾತು ಬೆಳೆಯಿತು. ಅರ್ಧ ರಿಪೇರಿ ನಿಧಿಯಿಂದ, ಅರ್ಧ ತಡವಾಗಿ ಬಿತ್ತಿದವರಿಂದ ಎಂದು ಒಬ್ಬರು. ನೆರೆ ಬಂದದ್ದು ಅವರ ತಪ್ಪೇನು? ಎಂದು ಇನ್ನೊಬ್ಬರು. ಲಿಲಾವು ಹಿಡಿದವನು ತನ್ನ ಆಳುಗಳ ಕೂಲಿಯನ್ನು ತಾನೇ ಕೊಡುವುದಾಗಿ ಹೇಳಿದ ಮೇಲೆ ಉಳಿದದ್ದು ನಿಧಿಯಿಂದ ಎಂದು ಬರೆದುಕೊಂಡರು. ಅಮಾವಾಸ್ಯೆಯ ರಾತ್ರಿಯ ಭರತಕ್ಕೆ ಹಲಗೆ ಎತ್ತುವುದು ಖಾಯಂ ಆಯಿತು. ಆಗ ಯಾರೋ ಬಾಗಿಲಿನ ಕೆಳಗಿನ ಹಲಗೆಯನ್ನು ಕಾಲಿನಿಂದ ಒತ್ತಿ ತೋರಿಸಿದರು. ಅದು ಒಂದು ಬದಿಯಲ್ಲಿ ಲಡ್ಡಾಗಿತ್ತು, ಮುಂದಿನ ಮಳೆಗಾಲ ತಡೆಯುವಂತಿರಲಿಲ್ಲ. ನೀರಿನಲ್ಲಿ ಬಾಳುವುದು ಮತ್ತಿ ಮರ, ಮತ್ತಿ ಸಿಗುವುದು ಘಟ್ಟದ ಮೇಲೆ, ಘಟ್ಟದ ಮೇಲಿನವರು ಇಲ್ಲೇ ಇದ್ದಾರಲ್ಲ ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ಶಿರಸಿಯ ನಾಟಾ ಡಿಪೋದಲ್ಲಿ ದರ ವಿಚಾರಿಸಿ ಹುಣ್ಣಿಮೆಯೊಳಗೆ ತಿಳಿಸಬೇಕೆಂದು ಹೇಳಿ, ಹಲಗೆಯ ಉದ್ದ, ಅಗಲ, ದಪ್ಪವನ್ನು ಲಿಲಾವಿನ ಲೆಕ್ಕದ ಪುಸ್ತಕದಿಂದ ಹರಿದ ಹಾಳೆಯೊಂದರಲ್ಲಿ ಬರೆದುಕೊಟ್ಟರು.