ಕಾಶಿಯ ಹರಿಕೇನ್

ಮೈಸೂರು, 23 ಡಿಸೆಂಬರ್ 2023, ಶನಿವಾರ

ಬೆಳಿಗ್ಗೆಯಿಂದ ಅಪ್ಪ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದರು. ನಾನು ಫೋನು ಹಿಡಿದು ಪಕ್ಕ ಕೂತೆ. "ಅಪ್ಪಾ, ನಿಮ್ಮ ಕಾಲೇಜಿನ ಹರಿಕೇನ್ ಮತ್ತೆ ಹಾರಿದ್ದು ಇದೇ ದಿನವಂತೆ, 2004ರಲ್ಲಿ."

ಅಮ್ಮ ಒಳಗಿನಿಂದಲೇ, "ಅಟ್ಟದ ಮೇಲಿದೆ, ಗಾಜು ಒಡೆದಿದೆ" ಅಂದರು. ಅವರಿಗೆ ಹರಿಕೇನ್ ಅಂದರೆ ಲಾಟೀನು. ನಾನು ಹೇಳಿದ್ದು ಅದೇ ಹೆಸರಿನ ಯುದ್ಧವಿಮಾನ.

ಅಪ್ಪ ಎಪ್ಪತ್ತರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೇ ಅದರ ಮೊದಲ ಚಾನ್ಸೆಲರ್ ಅಂತ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಅಲ್ಲಿ ಬಯಲಲ್ಲಿ ನಿಂತಿದ್ದ ವಿಮಾನದ ಸುದ್ದಿ ಮಾತ್ರ ಒಂದೋ ಎರಡೋ ಸಲ ಬಂದಿರಬೇಕು. "ಹಿಂದಿನ ಬಟ್ಟೆಯೆಲ್ಲ ಹೋಗಿ, ತಿಂದಿಟ್ಟ ಮೀನಿನ ಮುಳ್ಳಿನ ಥರ ಇತ್ತು. ಯುದ್ಧ ಮಾಡಿದ ವಿಮಾನ ಅಂತ ನಮಗೆ ಯಾರು ಹೇಳಿದ್ರು?"

ಬಟ್ಟೆ ಅಂದದ್ದು ಸುಳ್ಳಲ್ಲ. ಹಾಕರ್ ಹರಿಕೇನ್‌ನ ಹಿಂಭಾಗ ಉಕ್ಕಿನ ಕೊಳವೆ, ಅದರ ಮೇಲೆ ಮರದ ಪಟ್ಟಿ, ಅದರ ಮೇಲೆ ಬಿಗಿದು ಬಣ್ಣ ಬಳಿದ ಲಿನನ್ ಬಟ್ಟೆ. ಗುಂಡು ಬಡಿದರೆ ಎಷ್ಟೋ ಸಲ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬೀಳುತ್ತಿತ್ತು. ತೂತಿಗೆ ತೇಪೆ ಹಾಕಿ ಮತ್ತೆ ಹಾರಿಸುತ್ತಿದ್ದರು. 1940ರ ಬ್ರಿಟನ್ ಕದನದಲ್ಲಿ, ಅಂದರೆ ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ನಡೆದ ಆಕಾಶಯುದ್ಧದಲ್ಲಿ, ಬ್ರಿಟನ್ನಿನದೇ ಇನ್ನೊಂದು ಯುದ್ಧವಿಮಾನ ಸ್ಪಿಟ್‌ಫೈರ್‌ಗಿಂತ ಹೆಚ್ಚು ಜರ್ಮನ್ ವಿಮಾನ ಉರುಳಿಸಿದ್ದು ಹರಿಕೇನ್. ಹಾರ ಬಿದ್ದದ್ದು ಸ್ಪಿಟ್‌ಫೈರ್ ಕೊರಳಿಗೆ.

ಅಪ್ಪನ ವಿಮಾನದ ನಂಬರು ಆರ್4118. 1940ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಾಯುಪಡೆಯ 605ನೇ ಸ್ಕ್ವಾಡ್ರನ್ (ವಿಮಾನದಳ) ಸೇರಿತು. ಲಂಡನ್ ಪಕ್ಕದ ಕ್ರಾಯ್ಡನ್‌ನಿಂದ ಎದ್ದು 49 ಸಲ ಕದನಕ್ಕೆ ಹಾರಿತು, ಐದು ಶತ್ರು ವಿಮಾನಗಳನ್ನು ಕೆಡವಿದ್ದರಲ್ಲಿ ಅದರ ಕೈಯಿತ್ತು. ಆಮೇಲೆ ಏಟು ತಿಂದು ರಿಪೇರಿಯಾಗಿ, ಬೇರೆ ಸ್ಕ್ವಾಡ್ರನ್ನು, ತರಬೇತಿ ಅಂತ ಅಲೆದು, 1943ರ ಕೊನೆಗೆ ಹಡಗು ಹತ್ತಿ ಭಾರತಕ್ಕೆ ಬಂತು. ಇಲ್ಲಿ ಹಾರಲೇ ಇಲ್ಲ. 1947ರಲ್ಲಿ ವಿದ್ಯಾರ್ಥಿಗಳ ಪಾಠಕ್ಕೆಂದು ಕಾಶಿಗೆ ಕೊಟ್ಟರು.

ನನಗೆ ಇಷ್ಟವಾದ ಭಾಗ ಮುಂದಿನದು. 1982ರಲ್ಲಿ ಪೀಟರ್ ವ್ಯಾಚರ್ ಎಂಬ ಇಂಗ್ಲಿಷಿನವರು ಹಳೇ ರೋಲ್ಸ್ ರಾಯ್ಸ್ ಕಾರು ಹುಡುಕುತ್ತಾ ಭಾರತ ಸುತ್ತುವಾಗ ಇದನ್ನು ಕಂಡರು. ಕಾರಿನ ಬೇಟೆಗೆ ಬಂದವರಿಗೆ ಸಿಕ್ಕಿದ್ದು ವಿಮಾನ. ಅದರೊಳಗೂ ರೋಲ್ಸ್ ರಾಯ್ಸ್‌ನದೇ ಮರ್ಲಿನ್ ಎಂಜಿನ್! ಬಿಡಿಭಾಗಗಳು ಬಹುಪಾಲು ಮೂಲದವೇ ಉಳಿದಿದ್ದವು. ಹಾರುತ್ತಾ ಇದ್ದಿದ್ದರೆ ಅದೆಷ್ಟು ಬದಲಾಗುತ್ತಿದ್ದವೋ. ಕದಲದೆ ಬಿದ್ದಿದ್ದೇ ಕಾಪಾಡಿತು. ವರ್ಷಗಟ್ಟಲೆ ಮಾತುಕತೆ ನಡೆದು 2001ರಲ್ಲಿ ಇಂಗ್ಲೆಂಡ್ ಸೇರಿತು. ಮೂರು ವರ್ಷದ ಕೆಲಸದ ನಂತರ ಹಾರಿತು. 1940ರಲ್ಲಿ ಇದನ್ನೇ ಹಾರಿಸಿದ್ದ ಬಾಬ್ ಫಾಸ್ಟರ್ ಅದನ್ನು ನೋಡಲು ಇನ್ನೂ ಬದುಕಿದ್ದರು.

ಇಷ್ಟನ್ನೂ ಅಪ್ಪ ಹೂಂಗುಟ್ಟುತ್ತಾ ಕೇಳಿದರು. ಆಮೇಲೆ ತಲೆ ಎತ್ತದೆ, "ಒಂದು ಡಯಲ್ ಕಿತ್ತುಕೊಳ್ಳೋಕೆ ಹೋಗಿದ್ದೆ ಕಣೇ" ಅಂದರು.

"ಏನು?"

"ಹಾಸ್ಟೆಲ್ ಮೇಜಿನ ಮೇಲೆ ಇಟ್ಟುಕೊಳ್ಳೋಣ ಅಂತ. ಮೂರು ಸ್ಕ್ರೂ ಬಂತು. ನಾಲ್ಕನೇದು ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ವರ್ಕ್‌ಶಾಪಿನವನು ಬಂದು ಬೈದ, ಮೂರನ್ನೂ ವಾಪಸ್ ಹಾಕಿಸಿದ."

ವಿಡಿಯೋ ಹಾಕಿದೆ. ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ಆಮೇಲೆ ಒಂದೇ ಸಮನೆ ಗುಡುಗತೊಡಗಿತು. ಅಪ್ಪ ಹಿತುಕುವುದನ್ನು ನಿಲ್ಲಿಸಿದರು. ಕಾಕ್‌ಪಿಟ್ ತೋರಿಸಿದಾಗ, "ನಿಲ್ಲಿಸು, ನಿಲ್ಲಿಸು" ಅಂತ ಅವರೇ ಪರದೆ ಒತ್ತಿದರು. ಗಾಜಿನ ಮೇಲೆ ಅವರೆಯ ಲೋಳೆ ಬೆರಳಚ್ಚು ಮೂಡಿತು. ಪಂಚೆಯ ತುದಿಯಲ್ಲಿ ಒರೆಸಿ, ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಡಯಲುಗಳನ್ನು ಒಂದೊಂದಾಗಿ ನೋಡುತ್ತಾ ಹೋದರು.

"ಎಡಗಡೆಯದು ಇರಬೇಕು" ಅಂದರು.